ಗೋಂದು ಹಿಡಿದ ಚೆಂಡು

ಮನೆಯಲ್ಲಿ ಯಾರ ಕೈಯಿಂದಾದರೂ ಲೋಟ ಜಾರಿ, ಅದು ನೆಲ ಮುಟ್ಟುವ ಮೊದಲೇ ಅವರು ಹಿಡಿದುಬಿಟ್ಟರೆ ಮುಗಿಯಿತು. ಗೋಂದು ಕುರ್ಚಿಯಲ್ಲಿ ಮುಂದಕ್ಕೆ ಜರುಗಿ, ಗಂಟಲು ಸರಿಮಾಡಿಕೊಂಡು, "ಹಿಡಿಯೋದು ಅಂದ್ರೆ..." ಎಂದು ಶುರುಮಾಡುತ್ತಿದ್ದ. ಆಮೇಲೆ ಆ ಪಂದ್ಯದ ಕೊನೆಯ ನಿಮಿಷ ಬರಬೇಕು, ಪೆನಾಲ್ಟಿ ಬರಬೇಕು, ಅವನು ಬಲಕ್ಕೆ ಹಾರಿದ್ದು ಬರಬೇಕು, ಚೆಂಡು ಎರಡೂ ಕೈಗೆ ಅಂಟಿಕೊಂಡದ್ದು ಬರಬೇಕು. ಆವತ್ತಿನಿಂದಲೇ ಅವನಿಗೆ ಗೋಂದು ಎಂಬ ಹೆಸರು. ಹೆತ್ತವರು ಇಟ್ಟ ಹೆಸರನ್ನು ಕೂಗಿದರೆ ಈಗ ಅವನು ತಿರುಗಿಯೂ ನೋಡುವುದಿಲ್ಲ. ಹೆಂಡತಿಗೆ ಕಥೆ ಬಾಯಿಪಾಠ. ಅವನು ಉಸಿರೆಳೆದುಕೊಳ್ಳಲು ನಿಂತಲ್ಲೆಲ್ಲ ಅಡುಗೆಮನೆಯಿಂದಲೇ ಮುಂದಿನ ಮಾತು ಹೇಳಿಕೊಡುತ್ತಿದ್ದಳು.

ಕಥೆಯಲ್ಲಿ ಸುಳ್ಳಿರಲಿಲ್ಲ, ಅಷ್ಟು ಒಪ್ಪಲೇಬೇಕು. ಬಂದರಿನ ತಂಡಕ್ಕೂ ಕಾರ್ಖಾನೆಯ ತಂಡಕ್ಕೂ ಕಪ್ಪಿಗಾಗಿ ನಡೆದ ಪಂದ್ಯ ಅದು. ಬಂದರಿನವರು ಒಂದು ಗೋಲು ಮುಂದಿದ್ದರು. ಆದರೆ ಆ ವರ್ಷದ ಅಂಕಗಳ ಪ್ರಕಾರ ಪಂದ್ಯ ಸಮವಾದರೂ ಸಾಕು, ಕಪ್ಪು ಕಾರ್ಖಾನೆಯವರದೇ. ಇನ್ನೇನು ಮುಗಿಯಬೇಕು ಅನ್ನುವಾಗ ಕಾರ್ಖಾನೆಯವರಿಗೆ ಪೆನಾಲ್ಟಿ ಸಿಕ್ಕಿತು. ಬಂದರಿನ ಗೋಲಿನಲ್ಲಿ ನಿಂತಿದ್ದವನು ಗೋಂದು. ಒದೆಯಲು ಬಂದವನು ಕಾರ್ಖಾನೆಯ ಎಲ್ಲರಿಗಿಂತ ಒಳ್ಳೆಯ ಆಟಗಾರ, ಗೋಂದುವಿನ ಒಡಹುಟ್ಟಿದ ಅಣ್ಣ. ಗೋಂದು ಹಿಡಿದ. ದೊಡ್ಡ ಕ್ಲಬ್ಬಿನವರು ಅವನನ್ನು ಕರೆದುಕೊಂಡರು, ತಲೆ ನರೆಯುವವರೆಗೂ ಅವನು ಚೆಂಡು ಹಿಡಿದೇ ಸಂಸಾರ ಮಾಡಿದ. ಅಣ್ಣನನ್ನು ಕಂಡರೆ ಕಾರ್ಖಾನೆಯ ಬೀದಿಯವರು ಮುಖ ತಿರುಗಿಸಿದರು. ಅವನು ಬೂಟು ಬಿಚ್ಚಿಟ್ಟು ಅಪ್ಪನ ಗಾಜಿನ ಅಂಗಡಿ ಸೇರಿದವನು ಮೈದಾನದ ಕಡೆ ಮತ್ತೆ ತಲೆಹಾಕಿಯೂ ಮಲಗಲಿಲ್ಲ.

ಈ ವಿಷಯದಲ್ಲಿ ಗೋಂದುವಿಗೆ ಅಣ್ಣನ ಮೇಲೆ ಸಣ್ಣ ಅಸಮಾಧಾನ. ಸಮಯ ಸಿಕ್ಕಾಗಲೆಲ್ಲ ಅಂಗಡಿಗೆ ಹೋಗಿ ಬುದ್ಧಿ ಹೇಳುತ್ತಿದ್ದ. "ಒಂದು ತಪ್ಪಿತು ಅಂತ ಆಟಾನೇ ಬಿಡೋದಾ ಅಣ್ಣ? ಆಟಗಾರನಿಗೆ ಎದೆಗಾರಿಕೆ ಇರಬೇಕು. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಮಾರನೇ ದಿನಾನೇ ಮೈದಾನದಲ್ಲಿ ಇರ್ತಿದ್ದೆ." ಅಣ್ಣ ಗಾಜು ಕೊಯ್ಯುತ್ತಾ "ಹೂಂ" ಅನ್ನುತ್ತಿದ್ದ. ಕೇಳುವ ಕಿವಿ ಸಿಕ್ಕಿದೆ ಎಂದು ಗೋಂದು ಇನ್ನೊಂದಷ್ಟು ಹೇಳಿ ಎದ್ದು ಬರುತ್ತಿದ್ದ.

ಹೀಗಿರುವಾಗ ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯೊಂದರಿಂದ ಅವನಿಗೆ ಫೋನು ಬಂತು. ಹೊಸ ಫುಟ್‌ಬಾಲ್ ಆಟ ಮಾಡುತ್ತಿದ್ದಾರಂತೆ, ಅದರಲ್ಲಿ ಬರುವ ಗೋಲ್‌ಕೀಪರಿಗೆ ಅವನನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತಾರಂತೆ, ಮಾಡೆಲಿಂಗಿಗೆ ಬರಬೇಕಂತೆ. ಹೆಂಡತಿ ಅವನ ಹೊಟ್ಟೆಯನ್ನೂ ಬೋಳುತಲೆಯನ್ನೂ ಒಂದು ಸಲ ನೋಡಿ, "ಮಾಡೆಲಿಂಗಾ? ಅವರಿಗೆ ಬೇರೆ ಯಾರೂ ಸಿಗ್ಲಿಲ್ವಂತಾ?" ಎಂದಳು. ಗೋಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಕೊಂಬು ಬಂದಿತ್ತು. ಇತ್ತೀಚೆಗೆ ಬಸ್ಸಿನಲ್ಲಿ ಅವನನ್ನು ಗುರುತಿಸುವವರು ಇರಲಿಲ್ಲ. ಕ್ಲಬ್ಬಿನ ಗೋಡೆಯ ಮೇಲಿದ್ದ ಅವನ ಫೋಟೋ ತೆಗೆದು ಹೊಸಬರದು ಹಾಕಿದ್ದರು. ಉಳಿದಿದ್ದದ್ದು ಆ ಒಂದು ಹಿಡಿತ, ಅದನ್ನು ಕೇಳುವ ಜನವೂ ಕಡಿಮೆಯಾಗುತ್ತಿದ್ದರು. ಈಗ ಅದು ಆಟದೊಳಗೆ ಹೋಗಿಬಿಟ್ಟರೆ ತಾನು ಸತ್ತ ಮೇಲೂ ಮನೆಮನೆಯಲ್ಲಿ ತನ್ನ ಕೈ ಚೆಂಡು ಹಿಡಿಯುತ್ತಿರುತ್ತದೆ ಎಂದು ನೆನೆದು ಅವನ ಕಣ್ಣು ಒದ್ದೆಯಾಯಿತು.

ಕಂಪನಿ ಇದ್ದದ್ದು ಹಳೆಯ ಗೋದಾಮಿನಲ್ಲಿ. ನೆಲಕ್ಕೆ ದಪ್ಪ ಹಾಸು, ಗೋಡೆಯ ತುಂಬ ಕ್ಯಾಮೆರಾ. ಆಟದೊಳಗಿನ ಗೊಂಬೆಗಳಿಗೆ ಮೈ ಕೊಡುವ ಕೆಲಸದವಳು ಚಪ್ಪಟೆ ಚಪ್ಪಲಿ ಹಾಕಿಕೊಂಡ, ನಗಲು ಪುರುಸೊತ್ತಿಲ್ಲದ ಹೆಂಗಸು. ಅವಳು ಅವನಿಗೆ ಮೈಗಂಟುವ ಕಪ್ಪು ಉಡುಪು ತೊಡಿಸಿ, ಕ್ಯಾಮೆರಾಗಳಿಗೆ ಗುರುತು ಸಿಗಲೆಂದು ಕೀಲುಕೀಲಿಗೂ ಬಿಳಿಯ ಗುಂಡು ಅಂಟಿಸಿದಳು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಗೋಂದು ಹೆಂಡತಿ ಜೊತೆಗೆ ಬರದಿದ್ದದ್ದೇ ಪುಣ್ಯ ಅಂದುಕೊಂಡ.

"ನಮ್ಮ ತಂಡ ಕಲ್ಪನೆಯದು ಸರ್," ಎಂದಳು ಅವಳು. "ಆದ್ರೆ ಆಡೋರಿಗೆ ಹಾಗೆ ಅನ್ನಿಸಬಾರದು. ಅದಕ್ಕೆ ನಿಜವಾದ ಆಟಗಾರರಿಂದ ಒಂದೊಂದು ತಗೋತೀವಿ. ನಮ್ಮ ಗೋಲ್‌ಕೀಪರಿನ ಎತ್ತರ ಒಬ್ಬರದು, ಭುಜ ಇನ್ನೊಬ್ಬರದು, ರೆಫರಿ ಹತ್ರ ಜಗಳ ಆಡೋದು ಮತ್ತೊಬ್ಬರದು. ಹಿಡಿತ ನಿಮ್ಮದು."

"ಮೂಗು?"

"ಮೂಗು ಯಾರದೂ ಅಲ್ಲ. ನಾವೇ ಮಾಡಿದ್ದು."

"ಅದನ್ನೂ ನಂದೇ ಇಟ್ಟಿದ್ರೆ ಚೆನ್ನಾಗಿರ್ತಿತ್ತು," ಎಂದ ಗೋಂದು. ಅವಳು ಅವನ ಮೊಣಕೈಗೆ ಇನ್ನೊಂದು ಗುಂಡು ಅಂಟಿಸಿದಳು.

ಹಾಸಿನ ಮೇಲೆ ಬಿದ್ದು, ಎದ್ದು, ಮಂಡಿ ಹಿಡಿದುಕೊಂಡು ಕೂತು, ಅಂತೂ ಅವನ ಕೆಲಸ ಮುಗಿಯಿತು. ಆ ಪಂದ್ಯದ ಹಳೆಯ ಟೇಪಿನಿಂದ ತೆಗೆದದ್ದನ್ನೂ ಇವತ್ತಿನದನ್ನೂ ಸೇರಿಸಿ ತೋರಿಸುತ್ತೇನೆಂದು ಅವಳು ಅವನನ್ನು ಪರದೆಯ ಮುಂದೆ ಕೂರಿಸಿದಳು. ಪರದೆಯ ಮೇಲೆ ಎರಡು ಬೂದುಬಣ್ಣದ ಗೊಂಬೆಗಳು, ಬಟ್ಟೆಯಂಗಡಿಯ ಗೊಂಬೆಗಳಂತೆ ಮುಖವಿಲ್ಲದವು. ಒಂದು ಗೋಲಿನಲ್ಲಿ ನಿಂತಿತ್ತು. ಇನ್ನೊಂದು ಎಡಭುಜವನ್ನು ಸ್ವಲ್ಪ ಇಳಿಬಿಟ್ಟು ಓಡಿಬಂತು. ಗೋಂದು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದ. ಮುಖವಿಲ್ಲದಿದ್ದರೇನು, ಅದು ಅಣ್ಣನ ಓಟ. ಅಣ್ಣ ಓಡಿದ್ದನ್ನು ಅವನು ಆವತ್ತಿನ ನಂತರ ಕಂಡೇ ಇರಲಿಲ್ಲ.

"ನಿಮ್ಮದು ಒಂದೇ ಸಲಕ್ಕೆ ಸರಿಹೋಯ್ತು," ಎಂದಳು ಅವಳು. "ತಾಪತ್ರಯ ಏನಿದ್ರೂ ಈ ಒದೆಯೋರದು. ಓಟ ಇಷ್ಟು ಚೆನ್ನಾಗಿದೆ, ನಮ್ಮ ಸ್ಟ್ರೈಕರಿಗೆ ಇದನ್ನೇ ಇಡೋಣ ಅಂದ್ಕೊಂಡಿದ್ವಿ. ಒದೆತ ಮಾತ್ರ ಬಳಸೋ ಹಾಗಿಲ್ಲ. ನಿಧಾನಕ್ಕೆ ಬಿಡ್ತೀನಿ, ನೋಡಿ."

ಗೊಂಬೆಯ ಎಡಗಾಲು ಚೆಂಡಿನ ಪಕ್ಕ ಊರಿತು.

"ಊರಿದ ಪಾದ ಎತ್ತ ನೋಡ್ತಿದೆ? ನಿಮ್ಮ ಎಡಗಡೆ ಮೂಲೆಗೆ. ಸೊಂಟಾನೂ ಅತ್ತಲೇ ತಿರುಗಿದೆ. ನೀವು ಆಗಲೇ ಬಲಕ್ಕೆ ಬೀಳ್ತಾ ಇದೀರ. ಅಂದ್ರೆ ಅವರ ಮುಂದೆ ಅರ್ಧ ಗೋಲು ಖಾಲಿ. ಒದೆಯೋ ಕಾಲು ಇನ್ನೂ ಚೆಂಡಿಗೆ ತಾಗಿಲ್ಲ. ಈಗ ತಲೆ ಎತ್ತಿ ನಿಮ್ಮನ್ನ ನೋಡ್ತಾರೆ." ಅವಳು ಬೆರಳಿನಿಂದ ತೋರಿಸಿದಳು. "ನೋಡಿ, ಒದೆಯೋ ಪಾದ ತಿರುಗ್ತು. ಖಾಲಿ ಮೂಲೆ ಬಿಟ್ಟು, ನೀವಿರೋ ಕಡೆಗೆ."

"ಗೋಲ್‌ಕೀಪರನ್ನ ಏಮಾರಿಸೋಕೆ ಹಾಗೆ ಮಾಡ್ತಾರೆ," ಎಂದ ಗೋಂದು.

"ಏಮಾರಿಸೋರು ಗೋಲ್‌ಕೀಪರ್ ಇಲ್ಲದ ಕಡೆಗೆ ಒದೀತಾರೆ ಸರ್."

"ಹಾಗಾದ್ರೆ ಕಾಲು ಜಾರಿರಬೇಕು."

"ಜಾರಿದ್ರೆ ಮೈ ವಾಲುತ್ತೆ. ಇಲ್ಲಿ ವಾಲಿಲ್ಲ. ಗೋಲಿನ ಹಿಂದಿದ್ದ ಕ್ಯಾಮೆರಾದಲ್ಲೂ ನೋಡಿದ್ವಿ, ಹಾಗೇ ಇದೆ. ಇದನ್ನ ಹೀಗೇ ಬಿಟ್ರೆ ಆಟ ಆಡೋರು ನಗ್ತಾರೆ. ಬೇಕು ಅಂತಲೇ ಕೈಗೆ ಕೊಟ್ಟ ಹಾಗಿದೆ ಅಂತಾರೆ." ಅವಳು ಕನ್ನಡಕ ಮೇಲೇರಿಸಿಕೊಂಡಳು. "ನೀವು ಯೋಚನೆ ಮಾಡಬೇಡಿ. ಬೇರೆ ಆಟಗಾರರ ಪೆನಾಲ್ಟಿಗಳಿವೆ, ಅವುಗಳಿಂದ ಕಾಲು ತಂದು ಜೋಡಿಸ್ತೀನಿ. ಸಂಜೆ ಫೋನ್ ಮಾಡಿ ಹೇಳ್ತೀನಿ. ಇವರು ಯಾರು, ನಿಮಗೆ ಪರಿಚಯಾನಾ?"

ಗೋಂದು ಪರದೆಯ ಹತ್ತಿರಕ್ಕೆ ಬಾಗಿದ. ಇನ್ನೊಮ್ಮೆ ತೋರಿಸಿ ಎಂದ. ಅವಳು ತೋರಿಸಿದಳು. ಮತ್ತೊಮ್ಮೆ ಎಂದ. ಪ್ರತಿ ಸಲವೂ ಮುಖವಿಲ್ಲದ ಆ ಗೊಂಬೆ ತಲೆಯೆತ್ತಿ, ಬೀಳುತ್ತಿರುವ ಇನ್ನೊಂದು ಗೊಂಬೆಯನ್ನು ನೋಡಿತು. ನೋಡಿ, ಪಾದ ತಿರುಗಿಸಿತು. ಸಾವಿರ ಸಲ ಹೇಳಿದ ಕಥೆಯಲ್ಲಿ ಈ ನೋಟ ಒಂದು ಸಲವೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ಗೋಂದು ಆಗ ಚೆಂಡನ್ನು ನೋಡುತ್ತಿದ್ದ. ಅವನು ಕುರ್ಚಿಯಿಂದ ಎದ್ದ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಹೊರಗೆ ಬಂದ.

ಬೀದಿಯಲ್ಲಿ ಎಂದಿನಂತೆ ಗಾಡಿಗಳು ಓಡುತ್ತಿದ್ದವು. ಯಾರೋ ಡಿಕ್ಕಿ ಹೊಡೆದು ಬೈದು ಹೋದರೂ ಅವನಿಗೆ ತಿಳಿಯಲಿಲ್ಲ. ಅಣ್ಣ ಹಣಕ್ಕೆ ಬಿದ್ದವನಲ್ಲ. ಹೆದರುವವನಂತೂ ಅಲ್ಲವೇ ಅಲ್ಲ. ಚಿಕ್ಕಂದಿನಲ್ಲಿ ತನ್ನ ಪರವಾಗಿ ಬೀದಿಯವರ ಜೊತೆಗೆಲ್ಲ ಜಗಳ ಆಡಿದವನು. ಹಾಗಾದರೆ ಯಾಕೆ? ಕನಿಕರಕ್ಕಾ? ಆ ಮಾತು ಮನಸ್ಸಿಗೆ ಬಂದದ್ದೇ ಗೋಂದುವಿಗೆ ರೋಷ ಉಕ್ಕಿತು. ತನಗೆ ಯಾರ ಕನಿಕರವೂ ಬೇಕಾಗಿರಲಿಲ್ಲ. ಅಂಗಡಿ ಹತ್ತಿರವಾದಂತೆ ರೋಷ ಇಳಿಯಿತು.

ಅಣ್ಣ ಮೇಜಿನ ಮೇಲೆ ದೊಡ್ಡ ಕನ್ನಡಿ ಇಟ್ಟುಕೊಂಡು ಕೊಯ್ಯುವ ಗೆರೆ ಎಳೆಯುತ್ತಿದ್ದ. ಗಾಜಿನ ಮೇಲೆ ಗೆರೆ ಶುರುಮಾಡಿದರೆ ನಡುವೆ ನಿಲ್ಲಿಸಬಾರದು, ನಿಲ್ಲಿಸಿದರೆ ಅದು ತನಗೆ ಬೇಕಾದ ಕಡೆ ಒಡೆಯುತ್ತದೆ. ಹಿಂದೆ ಒಮ್ಮೆ ಅಂಗಡಿಯ ಎದುರೇ ಎರಡು ಗಾಡಿ ಗುದ್ದಿಕೊಂಡಾಗಲೂ ಅವನು ಗೆರೆ ಮುಗಿಸಿಯೇ ತಲೆಯೆತ್ತಿದ್ದ.

"ಅಣ್ಣ," ಎಂದ ಗೋಂದು, ಬಾಗಿಲಲ್ಲೇ ನಿಂತು. "ಆವತ್ತು ಗೋಲು ಖಾಲಿ ಇತ್ತು. ನೀನು ನನ್ನ ನೋಡಿ ಕಾಲು ತಿರುಗಿಸಿದೆ."

ಅಣ್ಣನ ಕೈ ನಿಂತಿತು. ಕನ್ನಡಿ ಅಡ್ಡಡ್ಡ ಸೀಳಿತು. ಅವನು ಕೊಯ್ಯುವ ಸಾಧನವನ್ನು ಕೆಳಗಿಟ್ಟ.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಕಂಪ್ಯೂಟರ್ ಆಟದ ಕಂಪನೀಲಿ ಆ ಹಳೇ ಟೇಪಿಂದು ನಿಧಾನಕ್ಕೆ ಬಿಟ್ಟು ತೋರಿಸಿದ್ರು, ನೋಡ್ದೆ. ಅಲ್ಲ ಅಂತ ಹೇಳು, ನಂಬ್ತೀನಿ."

ಅಲ್ಲ ಎಂದುಬಿಡಲಿ ಎಂದು ಗೋಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಅಣ್ಣ ಸ್ಟೂಲನ್ನು ಅವನ ಕಡೆ ತಳ್ಳಿದ. "ಕೂತ್ಕೋ. ಆವತ್ತು ಬೆಳಿಗ್ಗೆ ಅಪ್ಪ ನನ್ನನ್ನ ಇಲ್ಲಿಗೆ ಕರೆದಿದ್ರು. ಅವರ ಕೈ ನಡುಗೋಕೆ ಶುರುವಾಗಿತ್ತು, ಗೆರೆ ನೇರ ಬರ್ತಿರಲಿಲ್ಲ. ಇಬ್ಬರನ್ನೂ ಆಟಕ್ಕೆ ಬಿಟ್ರೆ ಅಂಗಡಿ ಮುಚ್ಚಬೇಕು, ಮನೆ ನಡೆಯಲ್ಲ, ಒಬ್ಬ ಬರಲೇಬೇಕು ಅಂದ್ರು. ಯಾರು ಅಂತ ಹೇಳೋಕೆ ಅವರಿಗೂ ಆಗ್ಲಿಲ್ಲ. ಸಂಜೆ ಸೋತವನು ಬರ್ಲಿ ಅಂದ್ರು."

"ನನಗೆ ಹೇಳ್ಲೇ ಇಲ್ವಲ್ಲ."

"ನಿನಗೆ ಹೇಳಿದ್ರೆ ಚೆಂಡು ಹಿಡಿಯೋ ಕೈಯೂ ನಡುಗುತ್ತೆ ಅಂತ ನಾನೇ ಬೇಡ ಅಂದೆ."

ಅಣ್ಣ ಸೋತ ನಾಚಿಕೆಗೆ ಅಂಗಡಿಯಲ್ಲಿ ಅಡಗಿ ಕೂತ ಎಂದೇ ಗೋಂದು ಇಷ್ಟು ವರ್ಷ ತಿಳಿದಿದ್ದ. ಊರಿಗೆಲ್ಲ ಹಾಗೇ ಹೇಳಿದ್ದ.

"ಗೆಲ್ಲಬೇಕು ಅಂತಲೇ ಓಡಿಬಂದೆ," ಎಂದ ಅಣ್ಣ. "ನಿನ್ನ ಮೇಲೆ ಕನಿಕರ ಇರಲಿಲ್ಲ, ಅದು ತಲೇಲಿಟ್ಕೋ. ಕಾಲು ಊರಿದ ಮೇಲೆ ನೋಡ್ತೀನಿ, ನೀನು ಆಗಲೇ ತಪ್ಪು ಕಡೆಗೆ ಬಿದ್ದಿದೀಯ. ಬಾಯಿ ಬಿಟ್ಕೊಂಡು, ಕಣ್ಣು ಇಷ್ಟಗಲ ಮಾಡ್ಕೊಂಡು. ಈ ಮುಖಾನ ನಾಳೆಯಿಂದ ಅಂಗಡೀಲಿ ಹೇಗೆ ಕೂರಿಸೋದು ಅನ್ನಿಸ್ತು. ಅಷ್ಟರಲ್ಲಿ ಕಾಲು ತಿರುಗಿತ್ತು."

"ನಾನು ಇಲ್ಲಿ ಬಂದು ನಿನಗೆ ಎದೆಗಾರಿಕೆ ಬಗ್ಗೆ ಹೇಳ್ತಿದ್ದೆನಲ್ಲ ಅಣ್ಣ."

"ಹೇಳ್ತಿದ್ದೆ. ಒಂದು ಬಾರಿಸೋಣ ಅನ್ನಿಸ್ತಿತ್ತು. ಕೈಯಲ್ಲಿ ಗಾಜಿರ್ತಿತ್ತು."

ಗೋಂದು ಎದ್ದು ನಿಂತ. "ಎಲ್ಲರಿಗೂ ಹೇಳ್ತೀನಿ. ಕಂಪನಿಯೋರಿಗೂ, ಕ್ಲಬ್ಬಿನೋರಿಗೂ. ಆ ಹಿಡಿತ ನಂದಲ್ಲ ಅಂತೀನಿ."

"ಹೇಳಬೇಡ." ಅಣ್ಣನ ದನಿ ಮೊದಲ ಸಲ ಗಟ್ಟಿಯಾಯಿತು. "ನಿನಗೆ ಹಗುರ ಆಗುತ್ತೆ, ನನಗೇನಾಗುತ್ತೆ ಯೋಚನೆ ಮಾಡು. ನನ್ನ ಜೊತೆ ಇನ್ನೂ ಹತ್ತು ಜನ ಆಡಿದ್ರು. ಬೆವರು ಸುರಿಸಿ ಕಪ್ಪಿನ ತನಕ ಬಂದಿದ್ರು. ಇವತ್ತಿಗೂ ಅವರಲ್ಲಿ ಕೆಲವರು ಈ ಅಂಗಡಿಗೆ ಬರ್ತಾರೆ. ತಪ್ಪಿಸಿದವನನ್ನ ಅವರು ಕ್ಷಮಿಸಿದ್ದಾರೆ. ಬೇಕು ಅಂತ ಕೊಟ್ಟವನನ್ನ ಕ್ಷಮಿಸಲ್ಲ. ನಾನು ಅವರಾಗಿದ್ರೂ ಕ್ಷಮಿಸ್ತಿರಲಿಲ್ಲ."

ಗೋಂದುವಿಗೆ ಆ ಕಡೆಯೂ ದಾರಿಯಿಲ್ಲ, ಈ ಕಡೆಯೂ ದಾರಿಯಿಲ್ಲ ಎಂಬುದು ಅರಿವಾಯಿತು. ತನ್ನದಲ್ಲದ ಹಿಡಿತವನ್ನು ಅವನು ಹಿಂದಿರುಗಿಸುವಂತಿರಲಿಲ್ಲ. ಯಾರಾದರೂ ಕೇಳಿದರೆ ಮುಂದೆಯೂ ಹೇಳಬೇಕು. ಹೇಳದೆ ಸುಮ್ಮನಾದರೆ, ಸುಮ್ಮನಿದ್ದವನೇ ಅಲ್ಲದ ಗೋಂದುವಿಗೆ ಏನಾಯಿತೆಂದು ಜನ ಕೆದಕುತ್ತಾರೆ. ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಳು ಬಂತು, ಮುಚ್ಚಿಟ್ಟುಕೊಳ್ಳಲು ನೋಡಿದ, ಆಗಲಿಲ್ಲ. ಅಣ್ಣ ಒಡೆದ ಕನ್ನಡಿಯ ಚೂರುಗಳನ್ನು ಒಂದೊಂದಾಗಿ ಎತ್ತಿ ಡಬ್ಬಕ್ಕೆ ಹಾಕುತ್ತಾ ಅವನ ಪಾಡಿಗೆ ಅವನನ್ನು ಬಿಟ್ಟ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾಡೆಲಿಂಗಿನವಳು. ಗೋಂದು ಮೂಗು ಒರೆಸಿಕೊಂಡು ಕಿವಿಗಿಟ್ಟ. ಅವಳು ಹೇಳಿದ್ದನ್ನೆಲ್ಲ ಕೇಳಿದ. ಯಾರ ಮಾತಿಗಾದರೂ ತನ್ನದೊಂದು ಸೇರಿಸದೆ ಬಿಡದ ಮನುಷ್ಯ "ಸರಿ" ಎಂದಷ್ಟೇ ಹೇಳಿ ಇಟ್ಟ.

"ಯಾರದು?" ಎಂದ ಅಣ್ಣ.

"ಆ ಕಂಪನಿಯೋರು. ಆಟದಲ್ಲಿ ನಿನ್ನ ಕಾಲು ಸರಿ ಮಾಡಿದ್ದಾರಂತೆ. ಯಾರೋ ಬೇರೆ ಆಟಗಾರನ ಕಾಲು ಜೋಡಿಸಿದ್ದಾರೆ. ಈಗ ನೋಡಿದ್ರೆ, ನಿಜವಾಗ್ಲೂ ಗೋಲು ಹೊಡೆಯೋಕೇ ಒದ್ದ ಹಾಗೆ ಕಾಣುತ್ತಂತೆ."

ಅಣ್ಣನ ಕೈಯಲ್ಲಿದ್ದ ಚೂರು ಅಲ್ಲೇ ನಿಂತಿತು. "ಗೋಲಾಯ್ತಾ?" ಎಂದ. ಆ ಒಂದು ಮಾತಿನಲ್ಲಿ ಅವನ ದನಿ ಹುಡುಗನದಾಗಿತ್ತು.

"ಇಲ್ಲ ಅಣ್ಣ. ನಾನು ಹಿಡಿದೆ."

ಅಣ್ಣ ಚೂರನ್ನು ಡಬ್ಬಕ್ಕೆ ಹಾಕಿ, ಕೈ ಒರೆಸಿಕೊಂಡ. "ಹೋಗ್ಲಿ ಬಿಡು," ಎಂದ. "ಕೊನೆಗೂ ಆ ಚೆಂಡನ್ನ ನೀನೇ ಹಿಡಿದೆಯಲ್ಲ."

ತಮಾಷೆಗೇ ಹೇಳಿದ, ಹೇಳಿ ನಕ್ಕ ಕೂಡ. ಗೋಂದು ತಾನೂ ನಗಬೇಕೆಂದು ಬಾಯಿ ತೆರೆದ. ಏನೂ ಬರಲಿಲ್ಲ.