ಹೊಸೀಯನ ಒಲೆ

ಅಂದು ಬೆಳಿಗ್ಗೆ ಶಾಲೆಯ ಹೊಗೆಗೂಡಿನಿಂದ ಹೊಗೆ ಏಳಲಿಲ್ಲ. ಒರೀಲಿಯಾ ತನ್ನ ಮನೆಯ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕಾದು ನೋಡಿದಳು. ಮೆಕ್ಕೆಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹತ್ತಿಹೊಲದ ಬದುವಿನ ಮೇಲೆ ಶಾಲೆಯತ್ತ ನಡೆದಳು.

ಜಾರ್ಜಿಯದ ಆ ಹಳ್ಳಿಯಲ್ಲಿ ಕಪ್ಪು ಜನ ತಮ್ಮ ಮಕ್ಕಳಿಗೆಂದು ತಾವೇ ಹಲಗೆ ಹೊತ್ತು ಕಟ್ಟಿದ ಶಾಲೆ ಅದು. ನೆಲ ಕೊಟ್ಟ ಬಿಳಿಯ ಜಮೀನುದಾರ, ಕಟ್ಟಡ ಬಳಕೆಯಲ್ಲಿರುವವರೆಗೆ ಮಾತ್ರ ನೆಲ ನಿಮ್ಮದು ಎಂದು ಬರೆಸಿದ್ದ. ಈಗ ಮಕ್ಕಳೆಲ್ಲ ಪೇಟೆಯಲ್ಲಿ ಬಿಳಿಯರ ಮಕ್ಕಳೊಂದಿಗೇ ಓದುತ್ತಾರೆ. ಶಾಲೆ ಖಾಲಿಯಾದಂದಿನಿಂದ, ಕಟ್ಟಡದ ಬಳಕೆ ತಪ್ಪದಿರಲೆಂದು, ಅವಳ ಅಣ್ಣ ಹೊಸೀಯ ದಿನವೂ ಅಲ್ಲಿ ಒಲೆ ಹೊತ್ತಿಸಿ, ಬಂದ ಮುದುಕರಿಗೆ ಬೈಬಲ್ ಓದಿ ಹೇಳುತ್ತಿದ್ದ. ಜಮೀನುದಾರನ ಮೊಮ್ಮಗ ಟಾಲ್ಬರ್ಟ್ ನೆಲ ಹಿಂದಕ್ಕೆ ಪಡೆಯಲು ಕಾಯುತ್ತಿದ್ದ.

"ಅವನ ಕಣ್ಣುರಿಯೋವಷ್ಟು ಹೊಗೆ ಹಾಕ್ತೀನಿ, ನೋಡ್ತಿರು," ಎನ್ನುತ್ತಿದ್ದ ಹೊಸೀಯ.

ಬಾಗಿಲು ತೆರೆದಿತ್ತು.

"ಏನಣ್ಣ, ಇವತ್ತು ದೇವರಿಗೂ ರಜಾನಾ?"

ಹೊಸೀಯ ಮುಂದಿನ ಬೆಂಚಿನಲ್ಲಿ ಕೋಟು ಹಾಕಿಕೊಂಡೇ ಕೂತಿದ್ದ. ಗಲ್ಲ ಎದೆಗೆ ತಾಗಿತ್ತು. ಕೈಯಲ್ಲಿ ಬೆಂಕಿಪೊಟ್ಟಣ. ಅವಳು ಕೆನ್ನೆ ಮುಟ್ಟಿ ನೋಡಿದಳು. ತಣ್ಣಗಿತ್ತು.

ಅಳಲು ಬಾಯಿ ತೆರೆದವಳು ಹಾಗೇ ನಿಂತಳು. ಹೊರಗೆ ಟಾಲ್ಬರ್ಟನ ಟ್ರಕ್ಕು ಬಂದು ನಿಂತಿತ್ತು. ಎಂಜಿನ್ ಆರಲಿಲ್ಲ. ಅಣ್ಣ ಹೋದನೆಂದು ತಿಳಿದರೆ ಇಂದೇ ಬೀಗ ಬೀಳುತ್ತದೆ. ಮಣ್ಣು ಮಾಡಿ ಬರುವಷ್ಟರಲ್ಲಿ ಗೋಡೆಗಳೂ ಬೀಳುತ್ತವೆ. ಅವಳು ಬೆಂಕಿಪೊಟ್ಟಣವನ್ನು ಎಳೆದಳು. ಬೆರಳುಗಳು ಸುಲಭವಾಗಿ ಬಿಡಲಿಲ್ಲ.

ಕಟ್ಟಿಗೆ ಹೊತ್ತಿಕೊಳ್ಳುವ ಹೊತ್ತಿಗೆ ಟಾಲ್ಬರ್ಟ್ ಮೆಟ್ಟಿಲ ಮೇಲಿದ್ದ. ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಏನಮ್ಮ ಒರೀಲಿಯಾ, ಹೊಗೆ ಕಾಣಲಿಲ್ಲ. ಅದಕ್ಕೇ ಬಂದೆ."

ಹಾಗಾದರೆ ಇವನೂ ದಿನಾ ನೋಡುತ್ತಿದ್ದ.

"ಈಗ ಕಾಣ್ತಿದೆಯಲ್ಲ ಸ್ವಾಮಿ."

"ಮುದುಕ ಎಲ್ಲಿ?"

"ಅಗೋ, ತಲೆ ಬಗ್ಗಿಸಿ ಕೂತಿದ್ದಾನೆ. ಇಂಥ ಹೊತ್ತಲ್ಲಿ ಮಾತಾಡಿಸಬಾರದು. ನೀವೂ ಚರ್ಚಿಗೆ ಹೋಗೋರೇ ಅಲ್ವಾ."

ಅವನು ಅವಳ ಹೆಗಲ ಮೇಲಿಂದ ಆ ಬಾಗಿದ ಬೆನ್ನನ್ನೇ ಬಹಳ ಹೊತ್ತು ನೋಡಿದ.

"ಒಳ್ಳೇದು. ಪ್ರಾರ್ಥನೆ ಮುಗೀಲಿ. ನನಗೇನೂ ಅವಸರ ಇಲ್ಲ."

ಹೋಗಿ ಟ್ರಕ್ಕಿನಲ್ಲಿ ಕೂತ. ಟ್ರಕ್ಕು ಕದಲಲಿಲ್ಲ.

ಒರೀಲಿಯಾ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟು, ಅಣ್ಣನ ಪಕ್ಕ ಕೂತು, ಅವನ ಕೈ ಹಿಡಿದುಕೊಂಡಳು. ದನಿ ಹೊರಗೆ ಕೇಳದ ಹಾಗೆ ಬೇಡಿಕೊಂಡಳು:

"ಕರ್ತನೇ, ನಿನ್ನ ಸೇವಕ ನಿನ್ನ ಬಾಗಿಲಿಗೆ ಬಂದಿದ್ದಾನೆ. ಅಲ್ಲಾದರೂ ಅವನಿಗೆ ಕಾವಲಿನ ಕೆಲಸ ಕೊಡಬೇಡ. ಬೆಚ್ಚಗೆ ಮಲಗಿಸು. ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್."