ಒಂದು ಗೇಣು ಹಿಂದೆ

ನನ್ನ ಗಂಡ ಫಿರೋಜರಿಗೆ ಆ ಲೆನ್ಸಿನ ಮೇಲಿದ್ದ ಮೋಹ ನನ್ನ ಮೇಲೂ ಇರಲಿಲ್ಲ. ಅದು ನಮ್ಮ ಮಾವನದು, ರೀಲು ಹಾಕುವ ಕ್ಯಾಮೆರಾದ ಕಾಲದ್ದು. ಉಟಗಿಯ ನಮ್ಮ ಸ್ಟುಡಿಯೋ ನಿಂತದ್ದೇ ಅದರ ಮೇಲೆ. ಎರಡು ಸಾವಿರದ ಎಂಟರ ಹೊತ್ತಿಗೆ ರೀಲು ಸಿಗದಾಯಿತು. ಇವರು ಸಾಂಗ್ಲಿಗೆ ಹೋಗಿ ಯಾರೋ ಬಳಸಿದ ಡಿಜಿಟಲ್ ಕ್ಯಾಮೆರಾ ತಂದರು. ಅದರ ಲೆನ್ಸನ್ನು ಕಪಾಟಿಗೆ ಸೇರಿಸಿ, ನಡುವೆ ಸಾಂಗ್ಲಿಯಲ್ಲೇ ಕೊಂಡ ಒಂದು ಜೋಡಿಸುವ ರಿಂಗು ಹಾಕಿ, ಅಪ್ಪನ ಲೆನ್ಸನ್ನೇ ಕೂರಿಸಿದರು.

"ಅದರದ್ದ ಹಾಕ್ರಿ, ತಾನ ಫೋಕಸ್ ಮಾಡ್ಕೊಂತೈತಿ," ಅಂದೆ.

"ಅಬ್ಬಾನ ಲೆನ್ಸಿನ್ಯಾಗ ಮಂದಿ ಮಂದಿ ಹಂಗ ಕಾಣ್ತಾರ," ಅಂದರು.

ಹಳೆಯ ಕ್ಯಾಮೆರಾದ ಕಿಂಡಿಯಲ್ಲಿ ಒಂದು ಸಣ್ಣ ವೃತ್ತವಿತ್ತು. ಅದರಲ್ಲಿ ಮುಖ ಎರಡು ಹೋಳಾಗಿ ಕಾಣುತ್ತಿತ್ತು. ಹೋಳು ಕೂಡಿದರೆ ಫೋಟೋ ಸ್ವಚ್ಛ. ಹೊಸದರಲ್ಲಿ ಆ ವೃತ್ತವೇ ಇಲ್ಲ, ಇವರ ಕಣ್ಣೂ ಮೊದಲಿನಂತಿಲ್ಲ. ಹಾಗಾಗಿ ಮಾವ ಬಳಸುತ್ತಿದ್ದ ಗಂಟಿನ ದಾರ ಹೊರಬಂತು. ದಾರದ ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ತುದಿ ಕೂತವರ ಮೂಗಿಗೆ. ಗಂಟು ಎಣಿಸಿ ದೂರ ಅಳೆದು, ಲೆನ್ಸನ್ನು ಆ ದೂರದ ಅಂಕಿಗೆ ತಿರುಗಿಸುವುದು. ಮದುಮಕ್ಕಳು ಮೂಗಿಗೆ ದಾರ ಹಿಡಿಸಿಕೊಂಡು ನಗುತ್ತಿದ್ದರು. ಬಯಲಿನ ಬಿಸಿಲಲ್ಲಿ ಫೋಟೋ ಚೆನ್ನಾಗೇ ಬಂದವು. ಬಿಸಿಲಿಗೆ ಲೆನ್ಸಿನ ಬಾಯಿ ಕಿರಿದು ಮಾಡಿದಾಗ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ ಎಂದು ನಮಗೆ ತಿಳಿದದ್ದು ಆಮೇಲೆ.

ಆಗ ನಮ್ಮ ಓಣಿಯ ಮುದುಕಿ ಚನ್ನವ್ವ ತೀರಿಕೊಂಡಳು. ಮಣ್ಣಿಗೆ ಒಯ್ಯುವ ಮೊದಲು ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೋ ತೆಗೆಸುವುದು ಲಿಂಗಾಯತರಾದ ಅವರಲ್ಲಿ ರೂಢಿ. ಜೀವವಿದ್ದಾಗ ಆಕೆಯದು ಒಂದೇ ಒಂದು ಫೋಟೋ ಇಲ್ಲ. ವಯಸ್ಸಿನಲ್ಲಿ ತೆಗೆಸುವವರಿರಲಿಲ್ಲ, ಕಣ್ಣಿನ ಆಪರೇಷನ್ ಆದ ಮೇಲೆ ಬೆಳಕು ಚುಚ್ಚುತ್ತಿತ್ತು. ಕ್ಯಾಮೆರಾ ಎತ್ತಿದರೆ ಸಾಕು, ಸೆರಗು ಮುಖದ ಮೇಲೆ ಬರುತ್ತಿತ್ತು. ಮಗಳು ಶಿವಲಿಂಗವ್ವ ನಮ್ಮನ್ನು ಕರೆಸಿದಳು.

ಚನ್ನವ್ವನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಬೆನ್ನ ಹಿಂದಿನ ಗೋಡೆಗೆ, ಹಳೆ ಸೀರೆಯ ತುಂಡು ಕೂಡಿಸಿ ಆಕೆಯೇ ಹೊಲಿದ ಕೌದಿ ಕಟ್ಟಿದ್ದರು. ಇವರು ಫ್ಲ್ಯಾಶ್ ಏರಿಸುತ್ತಿದ್ದಂತೆ ಶಿವಲಿಂಗವ್ವ ಕೈ ಅಡ್ಡ ಹಿಡಿದಳು.

"ಬ್ಯಾಡ ಫಿರೋಜಣ್ಣ. ಬೆಳಕಂದ್ರ ಅವ್ವಗ ಆಗ್ತಿದ್ದಿಲ್ಲ. ಇವತ್ತರೆ ಆಕಿ ಕಣ್ಣಿಗಿ ಹೊಡಿಬ್ಯಾಡ."

ಆ ಮಾತಿಗೆ ಯಾರು ಇಲ್ಲವೆನ್ನುತ್ತಾರೆ? ಇವರು ಫ್ಲ್ಯಾಶ್ ಬಿಚ್ಚಿ, ಮಬ್ಬು ಬೆಳಕಿಗೆ ಲೆನ್ಸಿನ ಬಾಯಿ ಪೂರ್ತಿ ತೆರೆದರು. ದಾರದ ತುದಿಯನ್ನು ಚನ್ನವ್ವನ ಮೂಗಿಗೆ ಹಿಡಿದವಳು ನಾನೇ. ಕ್ಯಾಮೆರಾದ ಬೆನ್ನಿನ ಚಿಕ್ಕ ಪರದೆಯಲ್ಲಿ ಫೋಟೋ ನೋಡಿ ಶಿವಲಿಂಗವ್ವ, "ಚಲೋ ಬಂದಾಳ ನಮ್ಮವ್ವ" ಅಂದಳು. ಸಂಜೆಯೊಳಗೆ ಮಣ್ಣಾಯಿತು.

ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಕೌದಿಯ ಒಂದೊಂದು ಹೊಲಿಗೆಯೂ ಎಣಿಸುವಷ್ಟು ಸ್ಪಷ್ಟ. ಮುಖ ಮಾತ್ರ ಅನ್ನದ ಹಬೆಯ ಆಚೆ ಇದ್ದಂತೆ. ತೆಗೆದವೆಲ್ಲ ಹಾಗೇ. ಇವರು ಅಂಗಡಿಯ ಗೋಡೆಗೆ ದಾರ ಕಟ್ಟಿ ಮತ್ತೆ ಮತ್ತೆ ತೆಗೆದು ನೋಡಿದರು. ಸಾಂಗ್ಲಿಯ ಆ ರಿಂಗು ತುಸು ತೆಳ್ಳಗಿತ್ತು, ಲೆನ್ಸು ಇರಬೇಕಾದ್ದಕ್ಕಿಂತ ಒಳಗೆ ಕೂತಿತ್ತು. ಹಳೆಯ ಗಂಟಿನ ಲೆಕ್ಕ ಅದಕ್ಕೆ ಕೂಡುತ್ತಿರಲಿಲ್ಲ. ಗೊತ್ತಾಗಿ ಮಾಡುವುದೇನು? ನಾನು ಕಂಪ್ಯೂಟರಿನಲ್ಲೇ ಮುಖ ತಿದ್ದಲು ಹೋದೆ, ಸುಕ್ಕುಗಳೆಲ್ಲ ಗೀರುಗಳಾದವು. ಇವರ ಮೇಲೆ, ಸತ್ತ ಮಾವನ ಮೇಲೂ ಸಿಟ್ಟು ಉಕ್ಕಿತು. ಆದರೆ ಬೆರಳಿಗೆ ದಾರ ಸುತ್ತಿಕೊಂಡು ಕೂತ ಮನುಷ್ಯನಿಗೆ ಏನೆಂದು ಬೈಯಲಿ?

ದಿನಕರ್ಮ ಮುಗಿಸಿ ಶಿವಲಿಂಗವ್ವ ಬಂದಳು. ಫೋಟೋ ಹತ್ತಿರ ಹಿಡಿದಳು, ದೂರ ಹಿಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅತ್ತೂ ಅತ್ತೂ ನನ್ನ ಕಣ್ಣ ಮಂಜಾಗ್ಯಾವ. ಮನಿಗಿ ಹೋಗಿ ನೋಡ್ತೀನಿ ತಗೋ."

ಇವರು ಫೋಟೋ ಹಾಕಿಕೊಡುವ ಲಕೋಟೆ ಎತ್ತಿಕೊಂಡರು. ಹಾಗೇ ಕಳಿಸಿಬಿಡಬಹುದಿತ್ತು. ನನ್ನಿಂದ ಆಗಲಿಲ್ಲ.

"ನಿಮ್ಮ ಕಣ್ಣಂದಲ್ರಿ ಅಕ್ಕಾ. ಫೋಟೋನ ಹಂಗ ಬಂದೈತಿ. ಎಲ್ಲಾವೂ ಹಂಗ ಆಗ್ಯಾವ."

ಶಿವಲಿಂಗವ್ವ ಮತ್ತೆ ನೋಡಿದಳು. ಕೌದಿಯ ಮೇಲೆ ಬೆರಳಿಟ್ಟಳು.

"ಇದು ಬಂದೈತಲ್ಲ."

"ಫೋಕಸ್ ಹಿಂದ ಬಿತ್ತವ್ವಾ," ಅಂದರು ಇವರು. "ಒಂದ ಗೇಣ ಹಿಂದ."

ಆಕೆ ಮೇಜಿನ ಮೇಲೆ ಕೈಯಿಟ್ಟು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲಿಸಿದಳು.

"ಇಷ್ಟ?"

"ಇಷ್ಟ."

ಆ ಕೈಯನ್ನು ಆಕೆ ಬಹಳ ಹೊತ್ತು ಎತ್ತಲಿಲ್ಲ.