ಮೂರು ಲಕ್ಷದ ಎಂಬತ್ತಾರು ಸಾವಿರ ಕಿಲೋಮೀಟರು

ಮತ್ತೆ ಅದೇ ಕೂಗು — ಮೂರನೇ ಗೇರಿಗೆ ಬಿದ್ದ ಕೂಡಲೇ, ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡವರು ನರಳುವ ಹಾಗೆ, ಕಾರಿನ ಹೊಟ್ಟೆಯಿಂದೆದ್ದು, ಪಕ್ಕದ ಸೀಟಿನಲ್ಲಿ ಕಲಿಸುತ್ತ ಕೂತ ಅವಳ ಅಂಗಾಲಿಗೆ ಬಂದು ತಾಗುತ್ತಿದೆ, ನಿನ್ನೆ ಇಷ್ಟಿರಲಿಲ್ಲ, ಮೊನ್ನೆ ಇರಲೇ ಇಲ್ಲ, ಕ್ಲಚ್ ಪೂರ್ತಿ ಒತ್ತಿ ಅಂದೆನಲ್ಲ ಮೇಡಂ, ಪೂರ್ತಿ, ನೆಲ ಮುಟ್ಟೋ ಹಾಗೆ, ಒತ್ತೇ ಇದೀನಿ ಟೀಚರ್, ಏನು ಒತ್ತಿದೀರಿ, ಅಂಚೆಚೀಟಿ ಅಂಟಿಸೋ ಹಾಗೆ ಒತ್ತಿದ್ರೆ ಗೇರ್ ಬೀಳುತ್ತಾ, ಎಂದು ಬಾಯಿಗೆ ಬಂದದ್ದನ್ನು ಅಂದೇಬಿಟ್ಟಳು, ಸ್ಟಿಯರಿಂಗ್ ಹಿಡಿದು ಕೂತ ಅಂಚೆ ಕಚೇರಿಯ ಗುಮಾಸ್ತೆ, ನಿವೃತ್ತಿಗೆ ಮುಂಚೆ ಕಾರು ಕಲಿತೇ ತೀರುತ್ತೇನೆಂದು ಹಟ ಹಿಡಿದು ಬಂದ ಹೆಂಗಸು, ತುಟಿ ಕಚ್ಚಿಕೊಂಡಳು, ಪಾಪ — ಪಾಪ ಏನು ಪಾಪ, ಇಂಥವರ ಕೈಯಲ್ಲೇ ಅಲ್ಲವೇ ಈ ಪುಟ್ಟ ಕಾರು ಹತ್ತೊಂಬತ್ತು ವರ್ಷದಿಂದ ಜಗ್ಗಿಸಿಕೊಂಡು, ಕುಕ್ಕಿಸಿಕೊಂಡು, ಕಂಬಕ್ಕೆ ಕೆನ್ನೆ ಉಜ್ಜಿಸಿಕೊಂಡು ಓಡುತ್ತಿರುವುದು, ಕಲಿಯಲು ಬಂದವರೆಲ್ಲ ಇದನ್ನು ಅಜ್ಜಿ ಅನ್ನುತ್ತಾರೆ, ಹೋದ ತಿಂಗಳು ವಿಜ್ಞಾನದ ಮೇಷ್ಟ್ರೊಬ್ಬರು ಮೀಟರು ನೋಡಿ, ಟೀಚರ್, ನಿಮ್ಮ ಅಜ್ಜಿ ಚಂದ್ರನ ಮೇಲೆ ಇಳಿದಾಯ್ತಲ್ರೀ, ಭೂಮಿಯಿಂದ ಅಷ್ಟೇ ದೂರ ಅಂದಿದ್ದರು, ಅದೂ ಅರ್ಧ ದಾರಿ ಒಂದನೇ ಗೇರಿನಲ್ಲಿ ಎಂದು ಅವಳು ನಕ್ಕಿದ್ದಳು, ಈಗ ನಗು ಎಲ್ಲಿ, ಈಗ ಸದ್ದು ಕೂಗಾಗಿ ಕೂಗು ಕಿರುಚಾಗಿ — ಬಿಡಿ, ಬಿಡಿ, ಕಾಲು ತೆಗೀರಿ — ಕಟಾರೆಂದಿತು, ಒಳಗೇನೋ ಮುರಿದು ಇನ್ನೇನೋ ಅದನ್ನು ಅಗಿದ ಹಾಗೆ, ಕಾರು ಚಪ್ಪಲಿ ಅಂಗಡಿಯ ಎದುರು ಮೂಗು ಮುಂದೆ ಮಾಡಿ ನಿಂತುಬಿಟ್ಟಿತು, ಗೇರಿನ ಕೋಲು ಅತ್ತಲೂ ಹೋಗದು ಇತ್ತಲೂ ಬಾರದು, ಹಿಂದಿನಿಂದ ಹಾರ್ನು, ಒಂದಲ್ಲ ಹತ್ತು, ಏನು ಮಾಡಿಬಿಟ್ರಿ ಮೇಡಂ ನೀವು, ನಾನೇನೂ ಮಾಡಿಲ್ಲ ಟೀಚರ್, ದೇವರಾಣೆ ಪೂರ್ತಿ ಒತ್ತಿದ್ದೆ, ಎಂದು ಆ ಹೆಂಗಸು ಅತ್ತೇಬಿಟ್ಟಳು, ಮೂವತ್ತು ವರ್ಷ ಸರತಿ ಸಾಲನ್ನೆಲ್ಲ ಗದರಿಸಿದ ಹೆಂಗಸು ಕೈಚೀಲದಲ್ಲಿ ಕರ್ಚೀಫು ಹುಡುಕುತ್ತಿದ್ದಾಳೆ, ಅವಳು ಪೂರ್ತಿ ಒತ್ತಿದ್ದಳು ಎನ್ನುವುದು ಇವಳಿಗೆ ಗೊತ್ತಿತ್ತು, ಇವಳ ಕಾಲಡಿಯಲ್ಲೂ ಜೋಡಿ ಪೆಡಲ್ ಇದೆ, ಆ ಪೆಡಲು ತಾನಾಗಿ ಇಳಿದು ನೆಲ ಮುಟ್ಟಿದ್ದು ಇವಳ ಪಾದಕ್ಕೆ ತಿಳಿದಿತ್ತು, ತಿಳಿದೂ ಬೈದಳು, ಯಾರನ್ನಾದರೂ ಬೈಯಬೇಕಿತ್ತು.

ಇಬ್ಬರು ದಾರಿಹೋಕರು ತಳ್ಳಿಕೊಟ್ಟರು, ತಿರುವಿನಲ್ಲೇ ಬೋಲ್ಟುವಿನ ಗ್ಯಾರೇಜು, ಬೇರೆ ದಿನವಾಗಿದ್ದರೆ ಸತ್ತರೂ ಅಲ್ಲಿಗೆ ಹೋಗುತ್ತಿರಲಿಲ್ಲ, ಬೋಲ್ಟು ಎಂಬ ಅಡ್ಡಹೆಸರಿನ ಇವನು ಮೆಕ್ಯಾನಿಕ್ ಅಪ್ಪನ ಕೈಕೆಳಗೆ ಹನ್ನೊಂದು ವರ್ಷ ಕೆಲಸ ಕಲಿತು, ಆಮೇಲೆ ಪೇಟೆಯ ಈ ತುದಿಯಲ್ಲಿ ತನ್ನದೇ ಬೋರ್ಡು ಹಾಕಿಕೊಂಡವನು, ತಲೆ ನರೆತಿದೆ ಈಗ, ಹೊಟ್ಟೆ ಬಂದಿದೆ, ಅಕ್ಕಾ, ಅಜ್ಜಿ ಇನ್ನೂ ಇದಾಳಾ, ನಾನು ಮೊದಲ ಸಲ ಇವಳ ಪ್ಲಗ್ಗು ಬಿಚ್ಚಿದಾಗ ನನಗೆ ಮದುವೆ ಆಗಿರಲಿಲ್ಲ, ಮಾತು ಸಾಕು, ನೋಡು ಏನಾಗಿದೆ, ಗಾಡಿಯನ್ನು ಮೇಲೆತ್ತಿದ, ಗೇರ್ ಬಾಕ್ಸಿನ ಪಕ್ಕದ ಬಿರಡೆ ಬಿಚ್ಚಿದ, ಬಿರಡೆ ಬಿಚ್ಚಿದರೆ ಆಯಿಲ್ ತುಳುಕಬೇಕು, ತುಳುಕಲಿಲ್ಲ, ಕಿರುಬೆರಳು ಒಳಗಿಟ್ಟ, ಹೊರಗೆ ತೆಗೆದ, ಬೆರಳ ತುದಿಗೆ ಬೆಳ್ಳಿಯ ಪುಡಿ, ಮದುವೆ ಮನೆಯಲ್ಲಿ ಹುಡುಗಿಯರು ಕೆನ್ನೆಗೆ ಹಚ್ಚಿಕೊಳ್ಳುವ ಮಿರುಗಿನ ಹಾಗೆ, ಒಣ ಪುಡಿ, ತೊಟ್ಟು ಎಣ್ಣೆ ಇಲ್ಲ, ಆಗ ಅವನ ತಮಾಷೆ ನಿಂತಿತು, ಗಾಡಿ ಕೆಳಗಿಳಿಸಿ ಬಾನೆಟ್ ಎತ್ತಿ ಇಂಜಿನ್ ಆಯಿಲಿನ ಕಡ್ಡಿ ಎಳೆದ, ಒರೆಸಿದ, ಮತ್ತೆ ಮುಳುಗಿಸಿ ಎಳೆದ, ಮೇಲಿನ ಗೆರೆಗಿಂತ ನಾಲ್ಕು ಬೆರಳು ಮೇಲೆ ಆಯಿಲ್, ಅಲ್ಲಿ ಬರಗಾಲ ಇಲ್ಲಿ ಪ್ರವಾಹ, ಬಿಡಿಸಿ ಹೇಳಬೇಕಾಗಿರಲಿಲ್ಲ, ಅವಳೂ ಆ ಮನೆಯಲ್ಲೇ ಬೆಳೆದವಳಲ್ಲವೇ, ಯಾರೋ ಇಂಜಿನ್ ಆಯಿಲ್ ಇಳಿಸುತ್ತೇನೆಂದು ಗೇರ್ ಬಾಕ್ಸಿನ ಬೋಲ್ಟ್ ಬಿಚ್ಚಿದ್ದಾರೆ, ಗೇರ್ ಬಾಕ್ಸ್ ಖಾಲಿ ಮಾಡಿ, ತುಂಬಿದ್ದ ಇಂಜಿನ್ನಿಗೇ ಮತ್ತೆ ಹೊಸ ಆಯಿಲ್ ಸುರಿದಿದ್ದಾರೆ, ಎರಡು ಬೋಲ್ಟ್, ಮಧ್ಯೆ ಗೇಣುದ್ದ ಜಾಗ, ಹೊಸಬರು ಮಾಡುವ ತಪ್ಪು, ಮೊದಲ ವಾರ ಮಾಡುವ ತಪ್ಪು, ಯಾರಕ್ಕಾ ಆಯಿಲ್ ಬದಲಿಸಿದ್ದು, ಎಂದು ಬೋಲ್ಟು ಚಿಂದಿಯಲ್ಲಿ ಬೆರಳು ಒರೆಸುತ್ತ, ಅವಳ ಮುಖ ನೋಡದೆ ಕೇಳಿದ, ಯಾರೋ, ಪೆಟ್ರೋಲ್ ಬಂಕಿನಲ್ಲಿ, ಅರ್ಜೆಂಟಿತ್ತು ಅಂತ ಅಲ್ಲೇ ಮಾಡಿಸಿದೆ, ಅಂದಳು, ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ, ಬಂಕಿನಲ್ಲಾ, ಹತ್ತೊಂಬತ್ತು ವರ್ಷದಲ್ಲಿ ಗುರುಗಳ ಶೆಡ್ಡು ಬಿಟ್ಟು ಬೇರೆ ಎಲ್ಲೂ ಈ ಗಾಡಿಯ ಬಾನೆಟ್ ಎತ್ತಿಲ್ಲ, ಈಗ ಬಂಕಿನಲ್ಲಾ, ಹೂಂ ಬಂಕಿನಲ್ಲೇ, ನಿನಗೇನು ಪೊಲೀಸ್ ಕೆಲಸ ಕೊಟ್ಟಿದಾರಾ, ಅವನು ತಲೆ ತಗ್ಗಿಸಿದ, ಅವನ ಆ ತಲೆ ತಗ್ಗಿಸುವಿಕೆಗೇ ಎರಡು ಬಾರಿಸಬೇಕು ಅನಿಸಿತು, ಅರ್ಥವಾಗಿದೆ ಮುಂಡೇದಕ್ಕೆ, ಅರ್ಥವಾದದ್ದನ್ನು ಮುಚ್ಚಿಡುವಷ್ಟು ಒಳ್ಳೆಯವನಾಗಿದ್ದಾನೆ, ಅದನ್ನು ಹೇಗೆ ಸಹಿಸುವುದು.

ಹೋದ ಭಾನುವಾರ, ಬೆಳಗಿನ ತಿಂಡಿ ಮುಗಿಸಿ, ಮನೆಯ ಪಕ್ಕದ ಅಪ್ಪನ ಶೆಡ್ಡಿನಲ್ಲಿ, ಎಲ್ಲ ಎಂದಿನಂತೆಯೇ, ಹತ್ತು ನಿಮಿಷ ಇಂಜಿನ್ ಚಾಲೂ ಇಟ್ಟು ಆಯಿಲ್ ಬೆಚ್ಚಗಾಗಲಿ ಅಂದ ಅಪ್ಪ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿ, ಡಾಕ್ಟರು ಎದೆ ಬಡಿತ ಕೇಳುವ ಹಾಗೆ ಕಣ್ಣು ಮುಚ್ಚಿ ಕೇಳಿಸಿಕೊಂಡ, ನಿನ್ನ ಅಜ್ಜಿ ಇನ್ನೂ ಒಂದು ಲಕ್ಷ ಓಡ್ತಾಳೆ ಬಿಡು, ಗಾಡಿ ಮುದಿಯಾದ್ರೆ ಏನೂ ಆಗಲ್ಲ, ಒಳಗಿರೋ ಎಣ್ಣೆ ಮುದಿಯಾಗಬಾರದು ಅಷ್ಟೆ, ಜನ ಗೇರ್ ಬಾಕ್ಸಿನ ಎಣ್ಣೆ ಅಂತ ಒಂದಿದೆ ಅನ್ನೋದೇ ಮರೆತಿರ್ತಾರೆ, ನಾನು ವರ್ಷಕ್ಕೊಂದು ಸಲ ಬದಲಿಸ್ತೀನಿ ನೋಡು, ಎಂದು ಸಾವಿರ ಸಲ ಹೇಳಿದ್ದನ್ನೇ ಹೇಳಿ, ಚಕ್ರದ ಹಲಗೆಯ ಮೇಲೆ ಮಲಗಿ ಕಾರಿನಡಿ ಜಾರಿದ, ಎಪ್ಪತ್ತಮೂರು ವರ್ಷದ ಮನುಷ್ಯ ಬೆಕ್ಕಿನ ಹಾಗೆ, ಟಾರ್ಚ್ ಹಿಡಿ, ಟ್ರೇ ತಳ್ಳು, ಇನ್ನೂ ಈಚೆ, ಹಾಂ, ಬೋಲ್ಟ್ ತಿರುಗಿತು, ಆಯಿಲ್ ಇಳಿಯತೊಡಗಿತು, ಇಂಜಿನ್ನಿನಲ್ಲಿ ಆರು ತಿಂಗಳು ಕುದಿದ ಆಯಿಲ್ ಹೇಗಿರುತ್ತದೆ ಎಂದು ಅವಳಿಗೆ ಐದನೇ ವಯಸ್ಸಿನಿಂದ ಗೊತ್ತು, ಕಾಡಿಗೆ, ಕಪ್ಪೆಂದರೆ ಕಪ್ಪು, ಟ್ರೇ ತಳ ಕಾಣುವುದಿಲ್ಲ, ಅವತ್ತು ಇಳಿದದ್ದು ಜೇನಿನ ಬಣ್ಣ, ತೆಳ್ಳನೆಯ ಎಳೆ, ಟಾರ್ಚಿನ ಬೆಳಕು ಅದರೊಳಗೆ ಹೊಕ್ಕು ಆಚೆ ಬರುತ್ತಿತ್ತು — ಎಷ್ಟು ಚೊಕ್ಕವಾಗಿದೆ ಅಪ್ಪಾ ಎಂದು ಅಂದಳಲ್ಲವೇ ಬಾಯಿಬಿಟ್ಟು, ಹೆಮ್ಮೆಯಿಂದ, ನನ್ನ ಕಾರಿನ ಹೊಟ್ಟೆ ಎಷ್ಟು ಚೊಕ್ಕ ಎಂದು, ವಾಸನೆಯೂ ಬಂದಿತ್ತು, ಕೆಟ್ಟ ಮೊಟ್ಟೆಯ ವಾಸನೆ, ಗೇರ್ ಆಯಿಲಿಗೆ ಮಾತ್ರ ಬರುವ ವಾಸನೆ, ಚರಂಡಿ ಇರಬೇಕು ಅಂದುಕೊಂಡು ಮೂಗು ಮುಚ್ಚಿಕೊಂಡಳು, ಅಪ್ಪ ಕೆಳಗಿನಿಂದ, ನಮ್ಮ ಕೈ ಅಂದ್ರೆ ಸುಮ್ನೇನಾ ಅಂದ, ಹೊಸ ಆಯಿಲ್ ಸುರಿದ, ಕಡ್ಡಿ ಎಳೆದ, ನೋಡಿದ, ಸರಿ ಇದೆ ಅಂದ, ನಾಲ್ಕು ಬೆರಳು ಮೇಲಿದ್ದುದನ್ನು ಕಣ್ಣಾರೆ ನೋಡಿ ಸರಿ ಇದೆ ಅಂದ, ಸೋಮವಾರದಿಂದಲೇ ಸೈಲೆನ್ಸರಿನಲ್ಲಿ ನೀಲಿ ಹೊಗೆ, ವಯಸ್ಸಾಯಿತಲ್ಲ ಅಜ್ಜಿಗೂ ಅಂದುಕೊಂಡಳು, ತಮ್ಮ ಮೊದಲೇ ಹೇಳಿದ್ದ, ಅದೇ ಅವಳಿಗೆ ಮೈ ಉರಿಸುವುದು, ನಾಲ್ಕು ವರ್ಷಕ್ಕೊಂದು ಹೊಸ ಕಾರು ಬದಲಿಸುವ, ಟೈರಿಗೆ ಗಾಳಿ ಹಿಡಿಸಲೂ ಶೋರೂಮಿಗೆ ಹೋಗುವ ತಮ್ಮ, ಅವನಿಗೆ ಸ್ಪ್ಯಾನರಿನ ತಲೆಬುಡ ಗೊತ್ತಿಲ್ಲ, ಅವನು ಹೇಳಿದ್ದ, ಅಕ್ಕಾ, ಅಪ್ಪ ಮರೀತಿದಾರೆ, ನನ್ನ ಹೆಂಡತೀನ ಎರಡು ಸಲ ನಿನ್ನ ಹೆಸರಿಂದ ಕರೆದ್ರು, ಮೊನ್ನೆ ಕಾಫಿ ಲೋಟಕ್ಕೆ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ ಮುಚ್ಚಿಟ್ಟಿದ್ರು, ಇನ್ನು ಗಾಡಿ ಕೆಲಸ ಸಾಕು ಅಂತ ಹೇಳು, ಅದಕ್ಕೆ ಅವಳು ಏನಂದಳು, ನಿನಗೆ ಶೆಡ್ಡಿನ ಜಾಗದ ಮೇಲೆ ಕಣ್ಣು ಅಂದಳು, ತಾಯಿಯಿಲ್ಲದ ತಮ್ಮನಿಗೆ, ತಾನೇ ಎತ್ತಿ ಆಡಿಸಿದವನಿಗೆ, ಅವನು ಚಹಾ ಕುಡಿಯದೆ ಎದ್ದು ಹೋದ, ಹೋಗಲಿ ಅಂದಳು, ಸರಿಯಾಗಿತ್ತಲ್ಲ ಅವನ ಮಾತು, ಸರಿಯಾಗಿರುವ ಹಕ್ಕು ಅವನಿಗೆ ಯಾರು ಕೊಟ್ಟರು.

ಅಕ್ಕಾ, ಎಂದ ಬೋಲ್ಟು ಕೊನೆಗೆ, ಗುರುಗಳ ಹತ್ರ ಇವತ್ತು ಏನಾದ್ರೂ ಕೆಲಸ ಇದೆಯಾ, ಅಷ್ಟೇ ಕೇಳಿದ್ದು, ಇವತ್ತು ಶಾಲೆಯ ವ್ಯಾನು, ಬೆಳಿಗ್ಗೆ ಎಂಟೂವರೆಗೇ ಬಂದು ನಿಂತಿತ್ತು, ನಾಲ್ಕೂ ಚಕ್ರದ ಬ್ರೇಕ್ ಕೆಲಸ, ಮೂರೂವರೆಗೆ ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ನೀರಿನ ಟ್ಯಾಂಕಿನ ಇಳಿಜಾರು ಇಳಿಯಬೇಕು ಅದು, ಆ ಇಳಿಜಾರಿನಲ್ಲಿ ತಾನೇ ಕಲಿಯುವವರಿಗೆ ಬ್ರೇಕ್ ಪಾಠ ಮಾಡುವುದು, ಗಂಟೆ ಎಷ್ಟು, ಎರಡು ಮುಕ್ಕಾಲು, ಫೋನ್ ಮಾಡಿದರೆ ಅಪ್ಪ ಎತ್ತುವುದಿಲ್ಲ, ಕೈ ಗ್ರೀಸಿನಲ್ಲಿದ್ದಾಗ ಎಂದೂ ಎತ್ತಿದವನಲ್ಲ, ಸ್ಕೂಟರ್ ಕೊಡು, ನಾನು ಬಿಡ್ತೀನಿ ಹತ್ತಿ, ಬೇಡ ನೀನು ಬರಬೇಡ, ನೀನು ಬಂದು ಅಲ್ಲಿ ತಲೆ ತಗ್ಗಿಸಿ ನಿಲ್ಲಬೇಡ, ಕೀ ಕಿತ್ತುಕೊಂಡು ಹೊರಟಳು, ಅಂಚೆ ಕಚೇರಿಯ ಹೆಂಗಸು ಬೆಂಚಿನಿಂದ ಎದ್ದು, ಟೀಚರ್, ರಿಪೇರಿಗೆ ಏನಾದ್ರೂ ನಾನು — ನಿಮ್ಮದಲ್ಲ ಮೇಡಂ ತಪ್ಪು, ಮನೆಗೆ ಹೋಗಿ, ಎಂದದ್ದೂ ಗದರಿದ ಹಾಗೆಯೇ ಬಂತು, ಸಿಗ್ನಲ್ಲು ಕೆಂಪು, ಎಲ್ಲವೂ ಇವತ್ತೇ ಕೆಂಪು, ಮುಂದಿನ ಗಾಡಿಯವನು ಹಸಿರಾದರೂ ಮೊಬೈಲು ನೋಡುತ್ತಿದ್ದಾನೆ, ಹೋಗಯ್ಯಾ, ಯಾರ ಮೇಲೆ ಸಿಟ್ಟು, ಈ ಬ್ಯಾಂಕಿನ ಮೇಲೆ, ಬಟ್ಟೆ ಅಂಗಡಿಯ ಮೇಲೆ, ಹೊಳೆಯುವ ಹೊಸ ಕಾರುಗಳ ಮೇಲೆ, ಎರಡು ವರ್ಷಕ್ಕೇ ಕೆಮ್ಮುತ್ತವೆ ಮುಖಕ್ಕೆ ಮಾತ್ರ ಪಾಲಿಶು, ಅಜ್ಜಿ ಹಳೆಯದಾಗಿ ಕೆಟ್ಟಿದ್ದರೆ ಅವಳು ಒಪ್ಪಿಕೊಳ್ಳುತ್ತಿದ್ದಳು, ಸವೆದು ಹೋಗಿದ್ದರೆ ಕೈ ಮುಗಿದು ಬೀಳ್ಕೊಡುತ್ತಿದ್ದಳು, ಸವೆದಿರಲಿಲ್ಲವಲ್ಲ, ಎಲ್ಲ ಹಲ್ಲೂ ಗಟ್ಟಿಯಿದ್ದವು, ಅಷ್ಟು ದೂರ ಓಡಿಸಿದ ಕೈಯೇ ನಿಲ್ಲಿಸಿಬಿಟ್ಟಿತು, ಅವೇ ಬೆರಳು, ಅದೇ ಸ್ಪ್ಯಾನರು, ಗೇಣುದ್ದ ಆಚೆ, ಮತ್ತೆ ಆ ಎಳೆ, ಜೇನಿನ ಬಣ್ಣದ್ದು, ಸದ್ದಿಲ್ಲದೆ ಟ್ರೇಗೆ ಸುರಿಯುತ್ತ.

ವ್ಯಾನಿನ ಚಕ್ರಗಳನ್ನು ಆಗಲೇ ಹಾಕಿ ಮುಗಿಸಿದ್ದ ಅಪ್ಪ, ಕೊನೆಯ ನಟ್ಟಿಗೆ ಬಿಗಿ ಕೊಡುತ್ತಿದ್ದಾನೆ, ವ್ಯಾನಿನ ಡ್ರೈವರು ಕೀ ಬೆರಳಲ್ಲಿ ತಿರುಗಿಸುತ್ತ, ಬಂದ್ರಾ ಟೀಚರ್, ನಿಮ್ಮ ತಂದೆಯವರು ನನಗಿಂತ ಹುಡುಗರು ನೋಡಿ, ಕೀ ಕೊಡಿ ಇಲ್ಲಿ ಅಂದಳು, ಕೊಟ್ಟ, ಮುಷ್ಟಿ ಬಿಗಿದಳು, ಈ ಗಾಡಿ ಇವತ್ತು ಹೋಗಲ್ಲ, ಮಕ್ಕಳಿಗೆ ಬೇರೆ ಗಾಡಿ ಮಾಡಿ, ಡ್ರೈವರು ಅಪ್ಪನ ಮುಖ ನೋಡಿದ, ಅಪ್ಪ ಸೊಂಟ ಹಿಡಿದು ಎದ್ದ, ಏನೇ ಇದು, ಏನಾಗಿದೆ ನಿನಗೆ, ಚಕ್ರ ಬಿಚ್ಚಪ್ಪಾ, ಬೋಲ್ಟು ಬಂದು ಒಂದು ಸಲ ನೋಡಲಿ, ಆ ಹೆಸರು ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು, ಬೋಲ್ಟಾ, ನಾನು ಮಾಡಿದ್ದನ್ನ ಬೋಲ್ಟು ಬಂದು ನೋಡ್ಬೇಕಾ, ಸ್ಪ್ಯಾನರ್ ಹಿಡಿಯೋದು ಯಾವ ಕಡೆಯಿಂದ ಅಂತ ಅವನಿಗೆ ಹೇಳಿಕೊಟ್ಟವನು ನಾನು, ಎಂದು ಅಪ್ಪನ ಕುತ್ತಿಗೆಯ ನರ ಉಬ್ಬಿತು, ಅವಳೂ ಬಿಡಲಿಲ್ಲ, ಅಪ್ಪನ ಮಗಳೇ ಅಲ್ಲವೇ, ಅಜ್ಜಿ ನಡುರಸ್ತೆಯಲ್ಲಿ ಸತ್ತಿದಾಳೆ ಅಪ್ಪಾ, ಗೇರ್ ಬಾಕ್ಸಿನಲ್ಲಿ ಒಂದು ತೊಟ್ಟು ಎಣ್ಣೆ ಇರಲಿಲ್ಲ, ಭಾನುವಾರ ನೀನು ಬಿಚ್ಚಿದ್ದು ಇಂಜಿನ್ ಬೋಲ್ಟ್ ಅಲ್ಲ, ಅಪ್ಪ ನಕ್ಕ, ನಿಜವಾಗಿಯೂ ನಕ್ಕ, ಡ್ರೈವರಿನ ಕಡೆ ತಿರುಗಿ, ಕೇಳಿದೆಯಾ ಮಾರಾಯ, ಐವತ್ತೈದು ವರ್ಷ ಆದ ಮೇಲೆ ನನಗೆ ಬೋಲ್ಟ್ ಗೊತ್ತಾಗಲ್ಲವಂತೆ, ಲೇ, ಕಾಡಿಗೆ ಥರ ಬಂತಲ್ಲೇ ಆಯಿಲ್, ಕರ್ರಗೆ, ಟಾರ್ಚ್ ಹಿಡಿದವಳು ನೀನೇ, ಪಕ್ಕದಲ್ಲೇ ಕೂತಿದ್ದವಳು ನೀನೇ, ಇವನ ಎದುರಿಗೇ ಹೇಳು, ಯಾವ ಬಣ್ಣ ಇತ್ತು, ಎಷ್ಟು ಗಟ್ಟಿಯಾಗಿ ನಂಬಿದ್ದಾನೆ, ಅವನ ಕಣ್ಣಿನಲ್ಲಿ ಅದು ಕಪ್ಪಾಗಿಯೇ ಇಳಿಯುತ್ತಿದೆ, ಕಪ್ಪು ಎಂದುಬಿಡಬಹುದು, ಒಂದೇ ಮಾತು, ಬಂಕಿನ ಸುಳ್ಳು ಹೇಳಿದ ಬಾಯಿಗೆ ಇದೇನು ಭಾರ, ಆದರೆ ಹದಿನಾಲ್ಕು ಮಕ್ಕಳು, ಇಳಿಜಾರು, ಕೆಳಗೆ ತಿರುವು — ಜೇನಿನ ಬಣ್ಣ ಅಪ್ಪಾ, ಅಂದಳು, ಕಿರುಚಬೇಕೆಂದಿದ್ದಳು, ಮೆಲ್ಲಗೆ ಬಂತು, ಜೇನಿನ ಬಣ್ಣ ಇತ್ತು, ಡ್ರೈವರು ಹೊರಗೆ ರಸ್ತೆ ನೋಡತೊಡಗಿದ, ಅಪ್ಪ ತನ್ನ ಬಲಗೈ ನೋಡಿಕೊಂಡ, ಹಿಂದೆ ಮುಂದೆ ತಿರುಗಿಸಿ, ಬೇರೆಯವರು ಬಿಟ್ಟುಹೋದ ಸಾಮಾನನ್ನು ನೋಡುವ ಹಾಗೆ, ಜೇನಾ ಅಂದ, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆನ್ನುವವನ ಹಾಗೆ ಕೇಳಿದ, ಮತ್ತೆ ನೀನ್ಯಾಕೆ ಆಗಲೇ ಹೇಳಲಿಲ್ಲ, ಯಾಕೆ, ಯಾಕೆಂದರೆ ಚೊಕ್ಕವಾಗಿತ್ತು, ಯಾಕೆಂದರೆ ಬಿಚ್ಚಿದ್ದು ನೀನು, ಯಾಕೆಂದರೆ ತಮ್ಮ ಹೇಳಿದ್ದ, ಯಾಕೆಂದರೆ ಟಾರ್ಚ್ ಹಿಡಿದಿದ್ದೆ ಆಯಿಲ್ ಇಳಿಯುತ್ತಿತ್ತು, ಇಳಿಯುತ್ತಿತ್ತು, ಬೆಳಕು ಒಳಹೊಕ್ಕು ಆಚೆ ಬರುತ್ತ, ತೆಳ್ಳನೆಯ ಎಳೆ, ಜೇನಿನ ಬಣ್ಣ, ಟ್ರೇಯ ತಳ ಕಾಣಿಸುತ್ತಿತ್ತು, ತಳ ಕಾಣಿಸುತ್ತಿತ್ತು